ಮಮಕಾರ ರಾಜನ ಊರಲ್ಲಿ

ಬನವಾಸಿಯ ಮಧುಕೇಶ್ವರ ದೇವಸ್ಥಾನದ ನಂದಿಯನ್ನು ಎದುರಿಗೆ ನಿಂತು ನೋಡಿದರೆ ಸಾಲದು. ಊರಿನವರು ಬಂದವರನ್ನು ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಕರೆದೊಯ್ದು ತೋರಿಸುತ್ತಾರೆ. ಒಂದು ಕಣ್ಣು ಗರ್ಭಗುಡಿಯ ಜೇನುಬಣ್ಣದ ಲಿಂಗದ ಮೇಲಿದೆಯಂತೆ, ಇನ್ನೊಂದು ಪಾರ್ವತಿಯ ಗುಡಿಯತ್ತ ಹೊರಳಿದೆಯಂತೆ. ಅಷ್ಟು ದೊಡ್ಡ ಏಕಶಿಲೆಯ ಬಸವನಿಗೆ ಇಬ್ಬರನ್ನೂ ಬಿಟ್ಟಿರಲಾಗದು. ಇದು ಶಿಲ್ಪಿಯ ಉದ್ದೇಶವೋ ನೋಡುವವರ ಅಕ್ಕರೆಯೋ, ಅಂತೂ ಒಮ್ಮೆ ಕೇಳಿದ ಮೇಲೆ ಆ ಕಣ್ಣುಗಳನ್ನು ಬೇರೆ ರೀತಿಯಲ್ಲಿ ನೋಡಲು ಆಗುವುದಿಲ್ಲ.

ಶಿರಸಿಯಿಂದ ಸುಮಾರು 24 ಕಿಲೋಮೀಟರ್ ದೂರದ ಈ ಊರಿಗೆ 15ನೇ ಶತಮಾನದ ಕವಿ ಚಾಮರಸ ಒಬ್ಬ ರಾಜನನ್ನು ಕೊಟ್ಟ. ರಾಜನ ಹೆಸರು ಮಮಕಾರ. ರಾಣಿ ಮೋಹಿನಿ, ಮಗಳು ಮಾಯೆ. 'ಪ್ರಭುಲಿಂಗಲೀಲೆ'ಯ ಈ ಮಾಯೆ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುವ ಅಲ್ಲಮನಿಗೆ ಮರುಳಾಗುತ್ತಾಳೆ, ಬೆನ್ನು ಹತ್ತುತ್ತಾಳೆ. ಅವನು ಕೈಗೆ ಸಿಗುವುದಿಲ್ಲ. ನಿರಹಂಕಾರ, ಸುಜ್ಞಾನಿ ಎಂಬ ತಂದೆತಾಯಿಯ ಮಗನಿಗೆ ಮಮಕಾರನ ಮಗಳ ಗೊಡವೆ ಏಕೆ? ಪಾತ್ರಗಳ ಹೆಸರು ಓದಿದರೆ ಸಾಕು, ತೀರ್ಪು ಮೊದಲೇ ಬರೆದಿಟ್ಟದ್ದು ಗೊತ್ತಾಗುತ್ತದೆ.

ಚಾಮರಸನಿಗಿಂತ ಇನ್ನೂರು ವರ್ಷ ಹಿಂದಿನ ಹರಿಹರನಲ್ಲಿ ಸಿಗುವ ಅಲ್ಲಮ ಬೇರೆಯೇ ಮನುಷ್ಯ. 'ಪ್ರಭುದೇವರ ರಗಳೆ'ಯ ಈ ಅಲ್ಲಮ ಬನವಾಸಿ ಸೀಮೆಯ ಬಳ್ಳಿಗಾವಿಯವನು. ಕಮಲತೆಯನ್ನು ಕಂಡ, ಸೋತ, ಮದುವೆಯಾದ. ಲೋಕದ ಪರಿವೆಯಿಲ್ಲದೆ ಅವಳೊಂದಿಗೆ ಮುಳುಗಿದ. ಒಂದು ದಿನ ಅವಳಿಗೆ ಜ್ವರ ಬಂತು, ತೀರಿಕೊಂಡಳು. ಅಲ್ಲಮ ಮರುಳನಂತೆ ಅಲೆದ. ಅಲೆದಲೆದು ಒಂದು ತೋಟದಲ್ಲಿ ಕೂತು ಕಾಲಿನ ಉಗುರಿನಿಂದ ಸುಮ್ಮನೆ ನೆಲ ಕೆರೆಯುತ್ತಿದ್ದಾಗ ಮಣ್ಣಿನೊಳಗೆ ಹೊನ್ನಿನ ಕಳಸ ಕಂಡಿತು. ಅಗೆಸಿದರೆ ಹೂತುಹೋದ ಗುಡಿ. ಒಳಹೊಕ್ಕರೆ, ಅಂಗೈಯ ಲಿಂಗವನ್ನೇ ಎವೆಯಿಕ್ಕದೆ ನೋಡುತ್ತ ಕೂತ ಅನಿಮಿಷ. ಆ ಲಿಂಗ ಅಲ್ಲಮನ ಕೈಗೆ ಬಂತು. ಅನಿಮಿಷನ ಪ್ರಾಣ ಹೋಯಿತು.

ಒಬ್ಬ ಕವಿಗೆ ಮಾಯೆಯ ಸೋಂಕೇ ಇಲ್ಲದ ಅಲ್ಲಮ ಬೇಕಿತ್ತು. ಇನ್ನೊಬ್ಬನಿಗೆ ಪ್ರೀತಿಸಿ, ಕಳೆದುಕೊಂಡು, ಹುಚ್ಚಾಗಿ, ಆ ಮೇಲೆ ಅರಿವು ಪಡೆದ ಅಲ್ಲಮ ಸಾಕಾಗಿತ್ತು. ಹಚ್ಚಿಕೊಳ್ಳುವುದು ಬಿಡುಗಡೆಗೆ ಅಡ್ಡಿಯೋ, ಬಿಡುಗಡೆಯ ದಾರಿಯೇ ಅದರೊಳಗಿಂದ ಹಾದುಹೋಗುತ್ತದೋ ಎಂಬ ಜಗಳ ಈ ಎರಡು ಕಾವ್ಯಗಳ ನಡುವೆ ಇದೆ. ಇತ್ತೀಚಿನ ಕೆಲವು ದಶಕಗಳಲ್ಲಿ ಆ ಜಗಳಕ್ಕೆ ಮೂರನೆಯವರೊಬ್ಬರು ಬಂದು ಸೇರಿದ್ದಾರೆ: ಮಿದುಳು ವಿಜ್ಞಾನಿಗಳು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಪ್ರೀತಿ ಎಂಬ ಪದ ಅಷ್ಟಾಗಿ ಕೇಳುವುದಿಲ್ಲ. 'ಕೂಸು ಅಜ್ಜಿನ ರಾಶಿ ಹಚ್ಕಂಡಿದ್ದು' ಎನ್ನುತ್ತಾರೆ. ಹಚ್ಚುವುದು ಎಂದರೆ ಎಣ್ಣೆ ಹಚ್ಚುವುದೂ ಹೌದು, ದೀಪ ಹಚ್ಚುವುದೂ ಹೌದು. ಅಂಟು ಮತ್ತು ನಂಟು ಕನ್ನಡದಲ್ಲಿ ಜೋಡಿಯಾಗಿಯೇ ಓಡಾಡುತ್ತವೆ. ಅಂಟು ಎಂದರೇನೆಂದು ಹಲಸಿನ ಕಾಲದಲ್ಲಿ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಪ್ಪಳಕ್ಕೆ ಹಲಸಿನಕಾಯಿ ಕೊಯ್ಯುವ ಹೆಂಗಸು ಮೊದಲು ಅಂಗೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾಳೆ, ಇಲ್ಲದಿದ್ದರೆ ಮೇಣ ಸಂಜೆಯವರೆಗೂ ಬಿಡುವುದಿಲ್ಲ. ಸಂಸಾರಿಗಳಿಗೆ ರಾಮಕೃಷ್ಣ ಪರಮಹಂಸರು ಕೊಟ್ಟ ದೃಷ್ಟಾಂತವೂ ಇದೇ ಎಣ್ಣೆಯದು. ಹಲಸು ಬೇಡವೆಂದು ಅವರು ಹೇಳಲಿಲ್ಲ ಎಂಬುದನ್ನು ಉಪದೇಶಕರು ಆಗಾಗ ಮರೆಯುತ್ತಾರೆ.

ಆ ಮೇಣ ತಲೆಯೊಳಗೆ ಎಲ್ಲಿದೆ? 2000ದಲ್ಲಿ ಲಂಡನ್ನಿನ ಆಂಡ್ರಿಯಾಸ್ ಬಾರ್ಟೆಲ್ಸ್ ಮತ್ತು ಸೆಮಿರ್ ಝೆಕಿ, ತಾವು ಗಾಢವಾಗಿ ಪ್ರೀತಿಸುತ್ತಿದ್ದೇವೆ ಎಂದ 17 ಜನರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಪ್ರಿಯರ ಫೋಟೊ ತೋರಿಸಿದರು. 2005ರಲ್ಲಿ ಅಮೆರಿಕದ ಹೆಲೆನ್ ಫಿಶರ್, ಆರ್ಥರ್ ಆರನ್, ಲೂಸಿ ಬ್ರೌನ್ ಅಂಥದೇ ಪ್ರಯೋಗ ಮಾಡಿದರು. ಅಲ್ಲೂ 17 ಜನ, ಹೊಸದಾಗಿ ಪ್ರೀತಿಯಲ್ಲಿ ಬಿದ್ದವರು. ಬೆಳಗಿದ್ದು ನಡುಮಿದುಳಿನ ಒಂದು ಸಣ್ಣ ಜಾಗ, ಡೋಪಮಿನ್ ಎಂಬ ರಾಸಾಯನಿಕ ಹೊರಡುವ ಊಟೆ. ಹಸಿವು, ಬಾಯಾರಿಕೆ, ಚಟ ಎಲ್ಲವೂ ನೀರು ಕುಡಿಯುವುದು ಅದೇ ಊಟೆಯಿಂದ. ಹೀಗಾಗಿ ಪ್ರೇಮವನ್ನು ಸಂತೋಷ, ದುಃಖಗಳ ಸಾಲಿನಲ್ಲಿ ಕೂರಿಸುವ ಬದಲು ಹಸಿವಿನ ಪಕ್ಕದಲ್ಲಿ ಕೂರಿಸಬೇಕು ಎಂದು ಫಿಶರ್ ವಾದಿಸಿದರು. ಸರಾಸರಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿಯೂ ಪ್ರೀತಿ ಆರಿಲ್ಲ ಎಂದವರನ್ನು ಮುಂದೆ ಇದೇ ಗುಂಪಿನವರು ಪರೀಕ್ಷಿಸಿದಾಗಲೂ ಅದೇ ಜಾಗ ಬೆಳಗಿತು. ಹಸಿವಿನ ಜೊತೆಗಿನ ಕಳವಳ ಮಾತ್ರ ತಗ್ಗಿತ್ತು.

ಬಾರ್ಟೆಲ್ಸ್ ಮತ್ತು ಝೆಕಿಯವರ ಫಲಿತಾಂಶದಲ್ಲಿ ಬೆಳಗಿದ ಜಾಗಗಳಿಗಿಂತ ಆರಿದ ಜಾಗಗಳು ಹೆಚ್ಚು ಸ್ವಾರಸ್ಯದವು. 2004ರಲ್ಲಿ ಅವರು ತಾಯಂದಿರಿಗೆ ಅವರವರ ಮಕ್ಕಳ ಫೋಟೊ ತೋರಿಸಿದರು. ಪ್ರೇಮಿಗಳಲ್ಲಿ ಆದಂತೆ ಇಲ್ಲೂ, ಎದುರಿನವರ ಗುಣದೋಷ ತೂಗುವ ಭಾಗಗಳ ಚಟುವಟಿಕೆ ಇಳಿಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತಿಗೆ ಇಷ್ಟು ಖರ್ಚಿನ ಪುರಾವೆ ಬೇಕಿತ್ತೇ ಎಂದು ಕೇಳಬಹುದು. ಬೇಕಿತ್ತು. ಶಾಸ್ತ್ರಗಳು ಮೋಹವನ್ನು ದೂರಿದ್ದು ಇದೇ ಕಾರಣಕ್ಕೆ, ಅದು ವಿವೇಕದ ಕಣ್ಣು ಕಟ್ಟುತ್ತದೆ ಎಂದು. ಆ ದೂರು ಸುಳ್ಳಲ್ಲ ಎಂದಾಯಿತು. ಆದರೆ ತಾಯಿ ಮಗುವಿನ ಗುಣದೋಷ ತೂಗುತ್ತ ಕೂತರೆ ನಡುರಾತ್ರಿ ಎದ್ದು ಹಾಲೂಡುವವರು ಯಾರು?

ಸಿದ್ದಾಪುರದ ಕಡೆಯ ಯಾವುದೇ ಕೊಟ್ಟಿಗೆಗೆ ಬೆಳಿಗ್ಗೆ ಹೋದರೆ ಈ ವಿಜ್ಞಾನದ ಇನ್ನೊಂದು ತುದಿ ಕಾಣುತ್ತದೆ. ಹಾಲು ಕರೆಯುವವರು ಕೆಚ್ಚಲು ತೊಳೆದು ಮೊದಲು ಕರುವನ್ನು ಬಿಡುತ್ತಾರೆ. ಕರು ಗುದ್ದಿ ಗುದ್ದಿ ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಹಸು ಅದರ ಬೆನ್ನು ನೆಕ್ಕತೊಡಗುತ್ತದೆ, ಕೆಚ್ಚಲಿಗೆ ಹಾಲು ಇಳಿಯುತ್ತದೆ. ಆಗ ಕರುವನ್ನು ಎಳೆದು ಕಟ್ಟಿ ಚೊಂಬು ಹಿಡಿಯುವುದು. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸುವ ಪದ್ಧತಿಯೂ ನಾಡಿನ ಹಲವೆಡೆ ಇತ್ತು. ಹಸು ಅದನ್ನು ಮೂಸಿ ನೆಕ್ಕಿ ಹಾಲು ಕೊಡುತ್ತಿತ್ತು. ಹಾಲು ಇಳಿಸುವ ಆ ರಾಸಾಯನಿಕದ ಹೆಸರು ಆಕ್ಸಿಟೋಸಿನ್. ಬರೀ ಒಂಬತ್ತು ಅಮೈನೊ ಆಮ್ಲಗಳ ಸರ. ಅದನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಪೋಣಿಸಿದ ವಿನ್ಸೆಂಟ್ ಡು ವಿನ್ಯೊಗೆ ಎರಡೇ ವರ್ಷದಲ್ಲಿ ನೊಬೆಲ್ ಬಂತು. ಹೆರಿಗೆಯಲ್ಲಿ ಗರ್ಭಕೋಶ ಹಿಂಡುವುದೂ, ಹಾಲು ಇಳಿಸುವುದೂ, ತಾಯಿ ಮರಿಯನ್ನು ತನ್ನದೆಂದು ಗುರುತಿಟ್ಟುಕೊಳ್ಳುವಂತೆ ಮಾಡುವುದೂ ಇದೇ. ಕರುವಿಲ್ಲದೆ ಹಾಲು ಬೇಕಾದವರು ಇದನ್ನು ಹಸುಗಳಿಗೆ ಚುಚ್ಚತೊಡಗಿದಾಗ ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ತಯಾರಿಕೆ ನಿಲ್ಲಿಸಿ, ಬೆಂಗಳೂರಿನ ಸರ್ಕಾರಿ ಉದ್ದಿಮೆ ಕರ್ನಾಟಕ ಆ್ಯಂಟಿಬಯಾಟಿಕ್ಸ್‌ಗೆ ಮಾತ್ರ ಅದನ್ನು ತಯಾರಿಸುವ ಅಧಿಕಾರ ಕೊಟ್ಟಿತು. ಬಾಣಂತಿಯರ ಜೀವ ಉಳಿಸುವ ಔಷಧವೂ ಅದೇ ಆದ್ದರಿಂದ ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು. ಪತ್ರಿಕೆಗಳು ಪ್ರೀತಿಯ ಹಾರ್ಮೋನ್ ಎಂದು ಕೊಂಡಾಡುವ ವಸ್ತುವಿನ ಮೇಲೆ ಕೋರ್ಟಿನಲ್ಲಿ ವಾದ ನಡೆದದ್ದು ಹೀಗೆ.

ಕೊಂಡಾಟವೂ ಈಗ ಸ್ವಲ್ಪ ಇಳಿದಿದೆ. ಅಮೆರಿಕದ ಹುಲ್ಲುಗಾವಲುಗಳ ವೋಲ್ ಎಂಬ ಇಲಿ ಒಂದೇ ಸಂಗಾತಿಯೊಂದಿಗೆ ಬಾಳುತ್ತದೆ; ಬೆಟ್ಟದ ಅದರ ದಾಯಾದಿಗೆ ಅಂಥ ನಿಷ್ಠೆಯಿಲ್ಲ. ಸೂ ಕಾರ್ಟರ್, ಟಾಮ್ ಇನ್ಸೆಲ್, ಲ್ಯಾರಿ ಯಂಗ್ ದಶಕಗಳ ಕಾಲ ಈ ಇಲಿಗಳ ಹಿಂದೆ ಬಿದ್ದು, ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್ ಬಂದು ಕೂರುವ ತಾಣಗಳು ಮಿದುಳಿನಲ್ಲಿ ಎಲ್ಲಿ ಹರಡಿವೆ ಎಂಬುದರಲ್ಲಿ ವ್ಯತ್ಯಾಸ ಕಂಡುಕೊಂಡರು. ಹಾಗಾದರೆ ಆ ತಾಣವನ್ನೇ ತೆಗೆದರೆ? 2023ರಲ್ಲಿ ದೇವಾನಂದ್ ಮನೋಲಿ ಮತ್ತವರ ಜೊತೆಗಾರರು ಜೀನ್ ಕತ್ತರಿಸಿ ಆಕ್ಸಿಟೋಸಿನ್ ತಾಣವಿಲ್ಲದ ವೋಲ್‌ಗಳನ್ನು ಬೆಳೆಸಿದರು. ಅವು ಆರಾಮಾಗಿ ಜೋಡಿ ಕಟ್ಟಿದವು. ಒಂದೇ ರಾಸಾಯನಿಕಕ್ಕೆ ಪ್ರೀತಿಯ ಪಟ್ಟ ಕಟ್ಟಿದವರು ಮತ್ತೆ ಲೆಕ್ಕ ಹಾಕಬೇಕಾಯಿತು.

ನಿಷ್ಠೆ ನೋಡಲು ಅಮೆರಿಕಕ್ಕೆ ಹೋಗಬೇಕೆಂದಿಲ್ಲ. ಯಲ್ಲಾಪುರದಿಂದ ದಾಂಡೇಲಿಯತ್ತ ಹಬ್ಬಿದ ಕಾಡಿನಲ್ಲಿ ಬೇಸಿಗೆ ಹತ್ತಿರವಾದಂತೆ ಹೆಣ್ಣು ಮಂಗಟ್ಟೆ ಮರದ ಪೊಟರೆ ಹೊಕ್ಕು ಬಾಯಿಯನ್ನು ಹಿಕ್ಕೆ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಮೊಟ್ಟೆ, ಆಮೇಲೆ ಮರಿ. ಹೊರಗೆ ಗಂಡು ಆಲ, ಅತ್ತಿ, ಬಸರಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಕಕ್ಕಿ ಸೀಳಿನೊಳಗೆ ಕೊಡುತ್ತದೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಸಸ್ತನಿಗಳಲ್ಲಿ ಹೀಗೆ ಜೋಡಿ ಬಾಳುವವು ಶೇ 5ನ್ನೂ ಮೀರುವುದಿಲ್ಲ ಎಂಬ ಅಂದಾಜಿದೆ; ಹಕ್ಕಿಗಳಲ್ಲಿ ಅದೇ ಬಹುಮತ. ಸಂಸಾರದ ಮಟ್ಟಿಗೆ ಮನುಷ್ಯ ಮಂಗಕ್ಕಿಂತ ಮಂಗಟ್ಟೆಗೆ ಹತ್ತಿರ.

ಮತ್ತೆ ಅಲ್ಲಮನ ಕಾಲುಗುರಿಗೆ ಬರೋಣ.

ದುಃಖದಲ್ಲಿರುವವನು ಎತ್ತಲೋ ನೋಡುತ್ತ ನೆಲ ಕೆರೆಯುತ್ತ ಕೂರುವುದನ್ನು ಹರಿಹರ ಎಲ್ಲಿ ಕಂಡಿದ್ದನೋ. ಶೋಕದ ಮಿದುಳನ್ನು ಅಧ್ಯಯನ ಮಾಡಿದ ಮೇರಿ ಫ್ರಾನ್ಸಿಸ್ ಓಕಾನರ್ ಓದಿದ್ದರೆ ಆ ಚಿತ್ರದ ಬಳಿ ನಿಲ್ಲುತ್ತಿದ್ದರು. 2008ರಲ್ಲಿ ಅವರ ತಂಡ, ಸ್ತನ ಕ್ಯಾನ್ಸರಿನಲ್ಲಿ ತಾಯಿಯನ್ನೋ ಅಕ್ಕತಂಗಿಯನ್ನೋ ಕಳೆದುಕೊಂಡ 23 ಹೆಂಗಸರಿಗೆ ಸತ್ತವರ ಫೋಟೊ ತೋರಿಸಿ ಸ್ಕ್ಯಾನ್ ಮಾಡಿತು. ನೋವು ಎಲ್ಲರಲ್ಲೂ ಕಂಡಿತು. ಶೋಕದಿಂದ ಹೊರಬರಲಾಗದೆ ಸಿಕ್ಕಿಬಿದ್ದವರಲ್ಲಿ ಮಾತ್ರ ಇನ್ನೊಂದು ಜಾಗವೂ ಎದ್ದಿತ್ತು: ನ್ಯೂಕ್ಲಿಯಸ್ ಅಕ್ಯುಂಬೆನ್ಸ್, ಬಯಕೆಯ ಕೇಂದ್ರ. ಹಂಬಲ ಹೆಚ್ಚಿದ್ದಷ್ಟೂ ಅದರ ಚಟುವಟಿಕೆ ಹೆಚ್ಚು. ಸತ್ತವರ ಚಿತ್ರ ನೋಡಿದಾಗ ಆ ಮಿದುಳು, ಬರುವವರ ದಾರಿ ಕಾಯುವಂತೆ ಕಾಯುತ್ತಿತ್ತು.

ಓಕಾನರ್ ಅದನ್ನು ವಿವರಿಸುವುದು ಹೀಗೆ. ಹತ್ತಿರದವರು ಎಲ್ಲಿದ್ದಾರೆ, ಯಾವಾಗ ಬರುತ್ತಾರೆ, ಎಷ್ಟು ಹತ್ತಿರದವರು ಎಂಬ ನಕಾಶೆಯೊಂದು ಮಿದುಳಿನಲ್ಲಿ ಸದಾ ಇರುತ್ತದೆ. ಅವರು ಕಣ್ಣಿಗೆ ಕಾಣದಿದ್ದರೆ ಹುಡುಕು, ಕಾಯು ಎಂಬುದೇ ಅದರ ಕಟ್ಟಳೆ. ಪೊಟರೆಯೊಳಗಿನ ಮಂಗಟ್ಟೆ ಬದುಕುವುದೂ ಅದೇ ನಂಬಿಕೆಯ ಮೇಲೆ. ಸಾವು ಆ ನಕಾಶೆಯಲ್ಲಿ ಇಲ್ಲದ ಊರು. ಹೆಣ ಕಂಡಿದ್ದೇನೆ, ಸುಟ್ಟಿದ್ದೇನೆ ಎಂದು ನೆನಪು ಹೇಳುತ್ತದೆ. ಇನ್ನೇನು ಬಂದಾರು ಎಂದು ನಕಾಶೆ ಹೇಳುತ್ತದೆ. ಎರಡೂ ಒಂದೇ ತಲೆಯಲ್ಲಿ ತಿಂಗಳುಗಟ್ಟಲೆ ಜಗಳಾಡುತ್ತವೆ, ಆ ಹೊತ್ತಿಗೆ ಮನುಷ್ಯ ಮರುಳನಂತೆ ಕಾಣುತ್ತಾನೆ. 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಜೋಡಿಯನ್ನು ಸೇರಲು ಅಡ್ಡ ಬಾಗಿಲು ದಾಟುವ ವೋಲ್‌ನ ಮಿದುಳಿನಲ್ಲಿ ಡೋಪಮಿನ್ ಉಕ್ಕುವುದನ್ನು ಅಳೆದರು. ನಾಲ್ಕು ವಾರ ಅಗಲಿಸಿ ಮತ್ತೆ ಬಿಟ್ಟಾಗ ಗುರುತು ಉಳಿದಿತ್ತು, ಆ ವಿಶೇಷ ಉಕ್ಕು ಬಹುಮಟ್ಟಿಗೆ ಇಲ್ಲವಾಗಿತ್ತು.

ಇಲಿಗೆ ನಾಲ್ಕು ವಾರ. ಮನುಷ್ಯರಿಗೆ ಎಷ್ಟು ಎಂದು ಯಾವ ಪ್ರಯೋಗಾಲಯವೂ ಅಳೆದು ಹೇಳಿಲ್ಲ. ಈ ಸೀಮೆಯ ಪುರೋಹಿತರ ಪಂಚಾಂಗದಲ್ಲಿ ಮಾತ್ರ ಒಂದು ಲೆಕ್ಕವಿದೆ. ಮೊದಲ ಹತ್ತು ದಿನ ನಿತ್ಯ, ಹನ್ನೆರಡನೆಯ ದಿನ ಸಪಿಂಡಿ, ಆಮೇಲೆ ತಿಂಗಳಿಗೊಮ್ಮೆ ಮಾಸಿಕ, ವರ್ಷಾಂತ, ಅಲ್ಲಿಂದ ವರ್ಷಕ್ಕೊಂದು ತಿಥಿ. ಅಂತರ ಬೆಳೆಯುತ್ತ ಹೋಗುತ್ತದೆ. ಸತ್ತವರಿಗೆ ಇಟ್ಟದ್ದನ್ನು ಕಾಗೆ ಮುಟ್ಟಲಿ ಎಂದು ಮನೆಮಂದಿ ಕಾಯುವಾಗ, ಕಾಯುವ ಮಿದುಳಿಗೆ ಕಾಯಲು ಒಂದು ಜಾಗ, ಒಂದು ಹೊತ್ತು ಸಿಕ್ಕಂತಾಗುತ್ತದೆ. ಶ್ರಾದ್ಧವನ್ನು ರೂಪಿಸಿದವರಿಗೆ ಇದು ಗೊತ್ತಿತ್ತು ಎಂದು ಹೇಳಿಬಿಡುವುದು ಅತಿಯಾದೀತು. ಅವರ ಚಿಂತೆ ಹೋದವರ ಪಯಣದ್ದು. ಉಳಿದವರ ಕೆಲಸವೂ ಆ ನೆವದಲ್ಲಿ ಆಗುತ್ತಿತ್ತು ಎನ್ನುವುದಕ್ಕೆ ಅಡ್ಡಿಯಿಲ್ಲ.

ಇನ್ನು ತತ್ವದವರನ್ನು ಕೇಳಬೇಕಾದರೆ ಶಿರಸಿ ತಾಲ್ಲೂಕಿನ ಸೋಂದಾಕ್ಕಿಂತ ಒಳ್ಳೆಯ ಊರಿಲ್ಲ. ಅದ್ವೈತದ ಸ್ವರ್ಣವಲ್ಲಿ ಮಠ, 1600ರಲ್ಲಿ ವಾದಿರಾಜರು ವೃಂದಾವನ ಪ್ರವೇಶಿಸಿದ ದ್ವೈತದ ಸೋದೆ ಮಠ, ದಿಗಂಬರ ಜೈನರ ಸ್ವಾದಿ ಮಠ, ಮೂರೂ ಒಂದೇ ಸೀಮೆಯಲ್ಲಿವೆ. ಮೂವರೂ ಸಂನ್ಯಾಸವನ್ನು ಒಪ್ಪುತ್ತಾರೆ. ಅಂಟಿನ ಬಗ್ಗೆ ಮೂವರ ಮಾತೂ ಬೇರೆ.

ಜೈನರದು ಕಟ್ಟುನಿಟ್ಟು. ರಾಗದ್ವೇಷಗಳ ಜಿಗುಟಿನಿಂದಲೇ ಕರ್ಮದ ದೂಳು ಜೀವಕ್ಕೆ ಅಂಟುವುದು. ಜಿನ ಎಂದರೆ ವೀತರಾಗ. ಶ್ವೇತಾಂಬರ ಪರಂಪರೆಯ ಒಂದು ಕಥೆಯಲ್ಲಿ ಮಹಾವೀರರ ಹಿರಿಯ ಶಿಷ್ಯ ಗೌತಮನಿಗೆ ಎಲ್ಲ ಸಾಧನೆಯಾದರೂ ಕೇವಲಜ್ಞಾನ ಬರಲಿಲ್ಲ, ಏಕೆಂದರೆ ಗುರುವಿನ ಮೇಲೆ ಅವನಿಗೆ ಬಿಡಲಾರದ ಅಕ್ಕರೆ. ಮಹಾವೀರರು ನಿರ್ವಾಣ ಹೊಂದಿದಾಗ ಅತ್ತ, ಅತ್ತ ಮೇಲೆ ಜ್ಞಾನ ಬಂತು. ಸಿದ್ಧಾಂತ ಹೇಳುವುದು ಅಕ್ಕರೆ ಅಡ್ಡಿ ಎಂದು. ಕಥೆಯಲ್ಲಿ ಜ್ಞಾನದ ಬಾಗಿಲು ತೆರೆದದ್ದು ಅಗಲಿಕೆ. ಹರಿಹರನ ಅಲ್ಲಮನಿಗೂ ಹಾಗೆಯೇ ಅಲ್ಲವೇ?

ಅದ್ವೈತಿಗಳು ಪ್ರೀತಿಯ ಬೇರನ್ನು ಬೇರೆ ಕಡೆ ಹುಡುಕುತ್ತಾರೆ. ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವಾಗ ಮೈತ್ರೇಯಿಗೆ ತಿಳಿಹೇಳಿದ್ದು, ಗಂಡ, ಹೆಂಡತಿ, ಮಕ್ಕಳ ಮೇಲಿನ ಪ್ರೀತಿಯ ಮೂಲ ಆತ್ಮದಲ್ಲಿದೆ ಎಂದು. ತಪ್ಪಿರುವುದು ಪ್ರೀತಿಯಲ್ಲಿ ಅಲ್ಲ, ವಿಳಾಸದಲ್ಲಿ. ಮಧ್ವರಂತೂ ಭಕ್ತಿಗೆ ವ್ಯಾಖ್ಯೆ ಕೊಡುವಾಗ ಸ್ನೇಹ ಎಂಬ ಪದವನ್ನೇ ಆರಿಸಿಕೊಂಡರು: ದೇವರ ಹಿರಿಮೆ ಅರಿತು ಅವನಲ್ಲಿ ಇಡುವ, ಉಳಿದೆಲ್ಲಕ್ಕೂ ಮಿಗಿಲಾದ ಗಟ್ಟಿ ಸ್ನೇಹ. ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆಯ ಜಿಡ್ಡೂ ಹೌದು. ಮತ್ತೆ ಹಲಸಿನಕಾಯಿಯ ಬಳಿಗೇ ಬಂದೆವು.

ಮಧ್ವರ ಸ್ನೇಹಕ್ಕೆ ಮಿದುಳಿನಲ್ಲಿ ಹೋಲಿಕೆ ಇದೆಯೇ ಎಂದರೆ, ಡೆನ್ಮಾರ್ಕಿನ ಒಂದು ಪ್ರಯೋಗ ನೆನಪಾಗುತ್ತದೆ. 2009ರಲ್ಲಿ ಉಫೆ ಶೋಟ್ ಮತ್ತವರ ಸಂಗಡಿಗರು 20 ಮಂದಿ ನಿಷ್ಠಾವಂತ ಕ್ರೈಸ್ತರಿಗೆ ಯಂತ್ರದೊಳಗೆ ಪ್ರಾರ್ಥನೆ ಮಾಡಲು ಹೇಳಿದರು. ತಮ್ಮದೇ ಮಾತಿನಲ್ಲಿ ದೇವರೊಂದಿಗೆ ಮಾತಾಡಿದಾಗ ಎದುರಿನ ಮನುಷ್ಯನ ಮನಸ್ಸನ್ನು ಊಹಿಸುವ ಭಾಗಗಳು ಎದ್ದವು. ಸಾಂತಾಕ್ಲಾಸ್ ಬಳಿ ಉಡುಗೊರೆ ಬೇಡಿದಾಗ ಹಾಗಾಗಲಿಲ್ಲ. ದೇವರು ಇದ್ದಾನೆಂದು ಇದರಿಂದ ಸಿದ್ಧವಾಗುವುದಿಲ್ಲ, ಇಲ್ಲವೆಂದೂ ಇಲ್ಲ. ಭಕ್ತನ ಮಿದುಳಿಗೆ ದೇವರು ನಂಟ ಎಂಬಷ್ಟು ಗೊತ್ತಾಗುತ್ತದೆ.

ನಂಟು ಇದ್ದವನು ಊರು ಬಿಡಲಾರ ಎಂಬುದು ವಿರಕ್ತರ ದೊಡ್ಡ ಆಕ್ಷೇಪ. ಭಾಗವತದ ಭರತ ರಾಜ್ಯವನ್ನೇ ಬಿಟ್ಟು ಬಂದು, ತಾಯಿಯಿಲ್ಲದ ಜಿಂಕೆಮರಿಯೊಂದನ್ನು ಹಚ್ಚಿಕೊಂಡು, ಅದನ್ನೇ ನೆನೆಯುತ್ತ ಸತ್ತು ಜಿಂಕೆಯಾಗಿ ಹುಟ್ಟಬೇಕಾಯಿತು. ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಉಗಾಂಡಾದ ಮನೆಗಳಲ್ಲಿ, ಆಮೇಲೆ ಬಾಲ್ಟಿಮೋರಿನಲ್ಲಿ ಕೂತು ಕೂಸುಗಳನ್ನು ನೋಡಿದಾಗ ಕಂಡದ್ದು ಇದಕ್ಕೆ ತದ್ವಿರುದ್ಧ. ತಾಯಿಯನ್ನು ಗಟ್ಟಿ ನೆಚ್ಚಿದ ಮಗು ತಾಯಿಯಿಂದ ದೂರ ಅಂಬೆಗಾಲಿಟ್ಟು ಹೋಗಿ ಆಡುತ್ತದೆ, ಆಗಾಗ ತಿರುಗಿ ನೋಡುತ್ತದೆ. ಸೆರಗು ಬಿಡದೆ ಜೋತುಬೀಳುವುದು ತಾಯಿ ಸಿಗುವಳೋ ಇಲ್ಲವೋ ಎಂಬ ಅನುಮಾನವಿದ್ದ ಮಗು. ಅವರ ಜೊತೆಗಾರ ಜಾನ್ ಬೌಲ್ಬಿ 1969ರಲ್ಲಿ ಇದರ ಮೇಲೆ ಗ್ರಂಥವನ್ನೇ ಬರೆದರು. ಈ ಲೆಕ್ಕದಲ್ಲಿ ಅಂಟು ಎರಡು ಬಗೆಯದು, ವಿರಕ್ತರು ದೂರಿದ್ದು ಬಹುಪಾಲು ಎರಡನೆಯದನ್ನು. ಭರತನಿಗೆ ಜಿಂಕೆಮರಿಯನ್ನು ಬಿಡುವಷ್ಟು ನೆಚ್ಚಿಕೆ ಬೇರೆಲ್ಲಾದರೂ ಇತ್ತೇ ಎಂದು ಭಾಗವತ ಕೇಳುವುದಿಲ್ಲ.

ಇನ್ನೊಂದು ತಮಾಷೆಯಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿ ನಿಂತರು. ಚಳವಳಿಗೆ ಅಪ್ಪಿಕೊ ಎಂದೇ ಹೆಸರು. ಬೇಡ್ತಿ, ಅಘನಾಶಿನಿ ಕೊಳ್ಳಗಳನ್ನು ಉಳಿಸುವ ಹೋರಾಟದ ಮುಂಚೂಣಿಯಲ್ಲಿ ಇಂದು ನಿಂತಿರುವವರು ಸ್ವರ್ಣವಲ್ಲಿಯ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿ. ಮನೆಮಠದ ಮಮಕಾರ ಬಿಟ್ಟವರಿಗೆ ನದಿಯ ಮಮಕಾರ ಏಕೆ ಎಂದು ಈ ಸೀಮೆಯಲ್ಲಿ ಯಾರೂ ಕೇಳಿದಂತಿಲ್ಲ.

ಚಾಮರಸನ ಅಲ್ಲಮ ಮಾಯೆಯನ್ನು ಗೆದ್ದ. ಗೆಲ್ಲಲು ಅವನಿಗೆ ಅಂಥ ಕಷ್ಟವೇನೂ ಆಗಲಿಲ್ಲ, ಆದ್ದರಿಂದ ಆ ಗೆಲುವಿನ ಬಗ್ಗೆ ಮಿದುಳು ವಿಜ್ಞಾನಕ್ಕೆ ಹೇಳಲು ಏನೂ ಇಲ್ಲ. ಹರಿಹರನ ಅಲ್ಲಮನ ಬಗ್ಗೆ ಇದೆ. ಕಮಲತೆಯನ್ನು ಹುಡುಕುತ್ತಿದ್ದ ಕಣ್ಣುಗಳಿಗೆ ನೆಲದಡಿಯ ಗುಡಿಯಲ್ಲಿ ಸಿಕ್ಕಿದ್ದು, ಎವೆ ಮುಚ್ಚದೆ ನೋಡುವ ಇನ್ನೊಂದು ಜೋಡಿ ಕಣ್ಣು. ಖಾಲಿಯಾಗಿದ್ದ ಕೈಗೆ ಸಿಕ್ಕಿದ್ದು ಅಂಗೈಯಲ್ಲಿ ಹಿಡಿಯಬಹುದಾದ ಲಿಂಗ. ಹಂಬಲ ಸಾಯಲಿಲ್ಲ, ಅದಕ್ಕೆ ಬೇರೆ ನೆಲೆ ಸಿಕ್ಕಿತು. ಮುಂದೆ ಅವನು ಕಲ್ಯಾಣಕ್ಕೆ ಹೋಗಿ ಶೂನ್ಯಪೀಠ ಏರಿದ, ಹೆಣ್ಣು, ಹೊನ್ನು, ಮಣ್ಣು, ಗುಡಿ, ವೇದ ಯಾವುದರ ಹಂಗೂ ಇಲ್ಲದೆ ಎಲ್ಲರನ್ನೂ ಕುಟುಕಿದ. ಅವನದೆಂದು ಉಳಿದಿರುವ ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಬಿಡದೆ ಬರುವ ಅಂಕಿತ ಒಂದೇ. ನೆಲದೊಳಗಿನ ಆ ಕತ್ತಲೆ ಗುಡಿಯನ್ನು ನೆನಪಿಸುವ ಹೆಸರು: ಗುಹೇಶ್ವರ.